ಎಲ್ಲರಿಗೂ ಗೊತ್ತಿರುವ ಅಂಗಡಿಗೆ ಜಾಹೀರಾತು ಯಾಕೆ?

ಪ್ರಶ್ನೆ: ನೂರು ವರ್ಷ ಹಿಂದಿನ ಅಮೆರಿಕದ ಹಳ್ಳಿ ಪತ್ರಿಕೆಗಳ ತುಂಬ ಊರಿನ ಅಂಗಡಿಗಳ ಜಾಹೀರಾತೇ ಇರುತ್ತವೆ. ನಾಲ್ಕೈದು ನೂರು ಜನರ ಊರು, ಇರೋದೇ ಒಂದೆರಡು ಅಂಗಡಿ. ಯಾವುದು ಎಲ್ಲಿದೆ ಅಂತ ಮಕ್ಕಳಿಗೂ ಗೊತ್ತು, ಅಲ್ವಾ? ಮತ್ತೆ ದುಡ್ಡು ಕೊಟ್ಟು ಜಾಹೀರಾತು ಹಾಕಿಸಿದ್ದು ಯಾಕೆ?

ಉತ್ತರ: ದೊಡ್ಡ ಕಾರಣ ಅಂಚೆ.

ಮೊದಲು ರೈತರು ಕಾಗದ ಪತ್ರ ತರೋಕೆ ಗಾಡಿ ಕಟ್ಟಿಕೊಂಡು ಊರಿಗೇ ಬರಬೇಕಿತ್ತು. ಎಷ್ಟೋ ಕಡೆ ಅಂಚೆ ಕಚೇರಿ ಇದ್ದದ್ದೇ ಅಂಗಡಿಯ ಒಂದು ಮೂಲೆಯಲ್ಲಿ. ಕಾಗದಕ್ಕೆ ಬಂದವರು ಉಪ್ಪು, ಸಕ್ಕರೆ, ಮೊಳೆ ಕಟ್ಟಿಸಿಕೊಂಡು ಹೋಗುತ್ತಿದ್ದರು. 1896ರಲ್ಲಿ ವೆಸ್ಟ್ ವರ್ಜೀನಿಯಾದಲ್ಲಿ ಹಳ್ಳಿ ಮನೆಗಳಿಗೇ ಅಂಚೆ ಮುಟ್ಟಿಸುವ ಪ್ರಯೋಗ ಶುರುವಾಯಿತು. 1902ರಲ್ಲಿ ಅದು ಕಾಯಂ ಆಯಿತು. ಸಾವಿರಾರು ಸಣ್ಣ ಅಂಚೆ ಕಚೇರಿಗಳು ಮುಚ್ಚಿದವು. ರೈತ ಊರಿಗೆ ಬರುವ ಒಂದು ಕಾರಣವೇ ಹೋಯಿತು.

ಅದೇ ಅಂಚೆಯವನ ಚೀಲದಲ್ಲಿ ಶಿಕಾಗೋದ ಸಿಯರ್ಸ್ ರೋಬಕ್, ಮಾಂಟ್ಗೊಮರಿ ವಾರ್ಡ್ ಕಂಪನಿಗಳ ದಪ್ಪ ಕ್ಯಾಟಲಾಗ್ ಬಂತು. ಅಂಚೆಯಲ್ಲಿ ಆರ್ಡರ್ ತಗೊಂಡು ಸಾಮಾನು ಕಳಿಸುತ್ತಿದ್ದ ಕಂಪನಿಗಳು ಅವು. ಒಲೆ, ಹೊಲಿಗೆ ಯಂತ್ರ, ಬೂಟು, ಪಿಟೀಲು ಎಲ್ಲಕ್ಕೂ ಚಿತ್ರ, ಎಲ್ಲಕ್ಕೂ ಬೆಲೆ. ಅಂಗಡಿಯವರಿಗೆ ಹೊಟ್ಟೆಯಲ್ಲಿ ಬೆಂಕಿ ಬಿದ್ದಿತ್ತು. ಕೆಲವು ಊರುಗಳಲ್ಲಿ ಕ್ಯಾಟಲಾಗ್‌ಗಳನ್ನು ರಾಶಿ ಹಾಕಿ ಸುಟ್ಟದ್ದೂ ಉಂಟು. ಮನೆಯ ಮೇಜಿನ ಮೇಲೆ ಕ್ಯಾಟಲಾಗ್ ಕೂತಿರುವಾಗ ತಮ್ಮ ಹೆಸರೂ ಅಲ್ಲಿಗೆ ಹೋಗಬೇಕಿತ್ತು. ಅದಕ್ಕೆ ದಾರಿ ಊರಿನ ವಾರಪತ್ರಿಕೆ. ಆಯಾ ಕೌಂಟಿಯೊಳಗೆ (ಕೌಂಟಿ ಅಂದರೆ ನಮ್ಮ ಜಿಲ್ಲೆಯಂಥದ್ದು) ಆ ಪತ್ರಿಕೆಗೆ ಅಂಚೆ ಖರ್ಚೂ ಇರಲಿಲ್ಲ. ‘ನಮ್ಮೂರಲ್ಲೇ ಕೊಳ್ಳಿ’ ಅಂತ ಸಂಪಾದಕರೂ ದನಿಗೂಡಿಸಿದರು. ಅವರ ಹೊಟ್ಟೆಪಾಡೂ ಆ ಜಾಹೀರಾತಿನ ಮೇಲೇ ನಿಂತಿತ್ತಲ್ಲ.

ಇನ್ನು ಜಾಹೀರಾತಿನ ಒಳಗೆ ಏನಿರುತ್ತಿತ್ತು ಅಂತ ನೋಡಿ. ನನಗೆ ಜಾಸ್ತಿ ಇಷ್ಟವಾಗೋದು ಕೊನೆಯ ಸಾಲು: ಬೆಣ್ಣೆ, ಮೊಟ್ಟೆಗೆ ಒಳ್ಳೆಯ ಬೆಲೆ ಕೊಡುತ್ತೇವೆ. ಅಂಗಡಿಯವನು ಮಾರುವವನಷ್ಟೇ ಅಲ್ಲ, ಕೊಳ್ಳುವವನೂ ಹೌದು. ರೈತರ ಮನೆಯ ಹೆಂಗಸರು ಬುಟ್ಟಿಯಲ್ಲಿ ಮೊಟ್ಟೆ ತಂದು ಕೊಟ್ಟು, ಅದರ ಬದಲಿಗೆ ಬಟ್ಟೆ, ಕಾಫಿ ಒಯ್ಯುತ್ತಿದ್ದರು. ಎಷ್ಟೋ ಮನೆಗಳಲ್ಲಿ ಕೋಳಿಯ ದುಡ್ಡು ಹೆಂಗಸರದೇ. ಈ ವಾರ ಮೊಟ್ಟೆಗೆ ಯಾರು ಒಂದು ಸೆಂಟ್ ಜಾಸ್ತಿ ಕೊಡುತ್ತಾರೆ ಅನ್ನೋದು ಅವರಿಗೆ ನಿಜವಾದ ಸುದ್ದಿ. ಶಿಕಾಗೋದ ಕಂಪನಿ ಮೊಟ್ಟೆ ತಗೊಳ್ಳುತ್ತಿರಲಿಲ್ಲ, ಸುಗ್ಗಿಯವರೆಗೆ ಸಾಲವನ್ನೂ ಬರೆದಿಡುತ್ತಿರಲಿಲ್ಲ. ಊರಿನ ಅಂಗಡಿಯ ಬಲ ಇದ್ದದ್ದೇ ಇಲ್ಲಿ. ‘ನಾವಿಲ್ಲಿದ್ದೇವೆ’ ಅನ್ನೋದಕ್ಕಿಂತ ಈ ಒಂದು ಸಾಲು ಹೆಚ್ಚು ಕೆಲಸ ಮಾಡುತ್ತಿತ್ತು ಅಂತ ನನ್ನ ನಂಬಿಕೆ.

ಎಲ್ಲ ಜಾಹೀರಾತೂ ಚೌಕದೊಳಗೆ ಇರುತ್ತಿರಲಿಲ್ಲ. ಯಾರ ಮನೆಗೆ ಯಾರು ನೆಂಟರು ಬಂದರು ಅನ್ನುವ ಸುದ್ದಿಗಳ ನಡುವೆ, ಹೊಸ ಬೂಟು ಬಂದಿವೆ ಅಂತ ದುಡ್ಡು ಕೊಟ್ಟು ಹಾಕಿಸಿದ ಸಾಲೂ ಸುಮ್ನೆ ಸುದ್ದಿಯ ಹಾಗೆ ಸೇರಿಕೊಳ್ಳುತ್ತಿತ್ತು. ಇಂಥದ್ದಕ್ಕೆ ‘ಜಾಹೀರಾತು’ ಅಂತ ಗುರುತು ಹಾಕಲೇಬೇಕು ಎಂದು 1912ರಲ್ಲಿ ಕಾನೂನು ಬಂತು.

ಮುಲಾಜಿಗೆ ಕೊಟ್ಟ ಜಾಹೀರಾತೂ ಬೇಕಾದಷ್ಟು. ಚರ್ಚ್‌ನ ಮಹಿಳೆಯರು ಅಡುಗೆ ಪುಸ್ತಕ ತರುತ್ತೇವೆ, ಅದಕ್ಕೊಂದು ಜಾಹೀರಾತು ಕೊಡಿ ಅಂದರೆ ಅಂಗಡಿಯವರು ಇಲ್ಲ ಅನ್ನೋಕೆ ಆಗುತ್ತಿತ್ತೇ? ವರ್ಮಾಂಟ್ ರಾಜ್ಯದ ಊರುಗಳಲ್ಲಿ ಆ ಕಾಲದ ರಂಗಮಂದಿರದ ಪರದೆಗಳು ಇವತ್ತಿಗೂ ಉಳಿದಿವೆ. ಅಂಥ ಕೆಲವು ಪರದೆಗಳ ನಡುವೆ ಸರೋವರವೋ ಬೆಟ್ಟವೋ ಬರೆದಿರುತ್ತದೆ, ಸುತ್ತ ಚೌಕಗಳಲ್ಲಿ ಊರಿನ ವ್ಯಾಪಾರಿಗಳ ಹೆಸರು. ಆ ವ್ಯಾಪಾರಿಗಳ ದುಡ್ಡಿನಿಂದಲೇ ಪರದೆಯ ಖರ್ಚು ಹುಟ್ಟುತ್ತಿತ್ತು. ನಾಟಕದ ಅಂಕ ಮುಗಿದು ಪರದೆ ಇಳಿದಾಗ ಇಡೀ ಊರು ಅದನ್ನೇ ನೋಡುತ್ತ ಕೂರಬೇಕು. ಅಲ್ಲಿ ಯಾವ ಅಂಗಡಿಯ ಹೆಸರಿಲ್ಲ ಅನ್ನೋದೂ ಎಲ್ಲರ ಕಣ್ಣಿಗೆ ಬೀಳುತ್ತಿತ್ತು.

1913ರ ಜನವರಿ 1ರಂದು ಪಾರ್ಸೆಲ್ ಅಂಚೆ ಶುರುವಾಯಿತು. ಕ್ಯಾಟಲಾಗ್ ಕಂಪನಿಗಳ ಸಾಮಾನೂ ಅಂಚೆಯಲ್ಲೇ ಮನೆಗೆ ಬರುವಂತಾಯಿತು. ಹಳ್ಳಿ ವ್ಯಾಪಾರಿಗಳು ವರ್ಷಗಟ್ಟಲೆ ವಿರೋಧಿಸಿದ್ದ ಯೋಜನೆ ಅದು. ಮರುವರ್ಷ, ಬೆಣ್ಣೆ ಮೊಟ್ಟೆಗಳನ್ನು ರೈತರಿಂದ ಪಟ್ಟಣದ ಮನೆಗೇ ಕಳಿಸುವ ವ್ಯವಸ್ಥೆಯನ್ನೂ ಅಂಚೆ ಇಲಾಖೆ ಮಾಡಿತು. ಅಂಗಡಿಯವರ ಕೈಲಿದ್ದ ಮೊಟ್ಟೆ ವ್ಯಾಪಾರಕ್ಕೂ ಅಂಚೆ ಕೈ ಹಾಕಿತ್ತು.

ಈ ಪತ್ರಿಕೆಗಳನ್ನು ನೀವೇ ನೋಡಬಹುದು. ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್‌ನ ‘ಕ್ರಾನಿಕ್ಲಿಂಗ್ ಅಮೆರಿಕ’ ಸಂಗ್ರಹ ಎಲ್ಲರಿಗೂ ಉಚಿತ. ಒಂದು ವಿಷಯ ಗಮನದಲ್ಲಿರಲಿ: ಎಷ್ಟೋ ಹಳ್ಳಿ ಪತ್ರಿಕೆಗಳಿಗೆ ಹಾಳೆಯ ಒಂದು ಮಗ್ಗುಲು ನಗರದಲ್ಲೇ ಅಚ್ಚಾಗಿ ಬರುತ್ತಿತ್ತು. ಅದರಲ್ಲಿ ದೂರದೂರದ ಔಷಧಿ ಕಂಪನಿಗಳ ಜಾಹೀರಾತೇ ಜಾಸ್ತಿ. ಊರಿನ ಅಂಗಡಿ ಬೇಕಿದ್ದರೆ ಸ್ಥಳೀಯ ಸುದ್ದಿ ಇರುವ ಪುಟಗಳನ್ನೇ ತೆರೆಯಿರಿ.