ನಾಲಿಗೆಯ ಕೆಳಗಿನ ಹತ್ತು ನಿಮಿಷ: ಓಪಿಯಾಯ್ಡ್ ಅವಲಂಬನೆಯ ಔಷಧಿ ಚಿಕಿತ್ಸೆಯನ್ನು ರೋಗಿಯ ಕಡೆಯಿಂದ ಓದುವುದು

ಪರೀಕ್ಷೆಗೆ ಓದುತ್ತಿದ್ದ ಒಂದು ಸಂಜೆ ಅಡುಗೆಮನೆಯಿಂದ ಚಿಟಿಕೆ ಮೆಂತ್ಯದ ಪುಡಿ ತಂದು ನಾಲಿಗೆಯ ಕೆಳಗೆ ಇಟ್ಟುಕೊಂಡೆ. ಹತ್ತು ನಿಮಿಷ ಮಾತನಾಡಬಾರದು, ಜೊಲ್ಲು ನುಂಗಬಾರದು, ಇಷ್ಟೇ ಪಣ. ಎರಡನೆಯ ನಿಮಿಷಕ್ಕೆ ಬಾಯಿ ತುಂಬಿತು. ನಾಲ್ಕನೆಯ ನಿಮಿಷಕ್ಕೆ ಅಮ್ಮ ಬಂದು "ಕರೆಂಟ್ ಬಿಲ್ ಕಟ್ಟಿದ್ದೀಯಾ?" ಎಂದು ಕೇಳಿದರು, ಗದ್ದ ಮೇಲೆತ್ತಿ ಕೈಸನ್ನೆ ಮಾಡಿದೆ. ಆರನೆಯ ನಿಮಿಷಕ್ಕೆ ಸೋತು ನುಂಗಿಬಿಟ್ಟೆ. ಅದು ಹೆರಾಯಿನ್‌ನಂಥ ಓಪಿಯಾಯ್ಡ್‌ಗಳಿಗೆ (ಅಫೀಮಿನ ಬಗೆಯ ಔಷಧಿ, ಮಾದಕಗಳಿಗೆ) ಅವಲಂಬಿತರಾದವರಿಗೆ ಕೊಡುವ ಬುಪ್ರೆನಾರ್ಫಿನ್ ಆಗಿದ್ದರೆ ಆ ದಿನದ ಡೋಸ್ ಬಹುಮಟ್ಟಿಗೆ ನೀರುಪಾಲು. ಹೊಟ್ಟೆಗೆ ಇಳಿದ ಬುಪ್ರೆನಾರ್ಫಿನ್‌ನ ಬಹುಪಾಲು ದೇಹದಲ್ಲಿ ಹರಡುವ ಮೊದಲೇ ಕರುಳು ಮತ್ತು ಯಕೃತ್ತಿನಲ್ಲಿ ಕರಗಿಹೋಗುತ್ತದೆ. ಅದಕ್ಕೇ ಅದನ್ನು ನಾಲಿಗೆಯ ಕೆಳಗೆ ಇಡುವುದು. ಪಂಜಾಬಿನಲ್ಲಿ ಅದರ ಹೆಸರೇ 'ಜೀಭ್ ವಾಲೀ ಗೋಲೀ', ಅಂದರೆ ನಾಲಿಗೆಯ ಗುಳಿಗೆ.

ನಮ್ಮ ತರಗತಿಯಲ್ಲಿ ಕೈಯಿಂದ ಕೈಗೆ ಓಡಾಡುವ ಟಿಪ್ಪಣಿಯಲ್ಲಿ ಈ ಪಾಠಕ್ಕೆ ಮೂರು ಸಾಲು ಇದೆ: ಮೆಥಡೋನ್ ಪೂರ್ಣ ಪ್ರಚೋದಕ, ಬುಪ್ರೆನಾರ್ಫಿನ್ ಭಾಗಶಃ ಪ್ರಚೋದಕ, ನಾಲ್ಟ್ರೆಕ್ಸೋನ್ ಪ್ರತಿರೋಧಕ. ಅಂದರೆ ಮೊದಲನೆಯದು ಓಪಿಯಾಯ್ಡ್ ಪರಿಣಾಮವನ್ನು ಪೂರ್ತಿ ಕೊಡುತ್ತದೆ, ಎರಡನೆಯದು ಅರೆಬರೆ ಕೊಡುತ್ತದೆ, ಮೂರನೆಯದು ತಡೆಯುತ್ತದೆ. ಐದು ಅಂಕಕ್ಕೆ ಸಾಕು. ಆದರೆ ಈ ಔಷಧಿಯನ್ನು ತಿಂಗಳುಗಟ್ಟಲೆ, ವರ್ಷಗಟ್ಟಲೆ ತೆಗೆದುಕೊಳ್ಳುವವರು ಹೇಳುವ ಮಾತುಗಳನ್ನು ಮುಂದಿಟ್ಟುಕೊಂಡರೆ ಔಷಧಶಾಸ್ತ್ರ ತಾನಾಗಿಯೇ ನೆನಪಿನಲ್ಲಿ ಉಳಿಯುತ್ತದೆ ಎಂಬುದು ನನ್ನ ಅನುಭವ. ಈ ಟಿಪ್ಪಣಿ ಆ ದಾರಿಯದು.

ತೋಡ್, ಅಥವಾ ಮೈಮುರಿತ

ಸೇವನೆ ನಿಂತಾಗ ದೇಹ ಪಡುವ ಪಾಡಿಗೆ ನಮ್ಮ ಪಠ್ಯ ಬಳಸುವ 'ಹಿಂತೆಗೆತದ ಲಕ್ಷಣ' ಎಂಬ ಪದ ನನಗೆ ಬ್ಯಾಂಕಿನ ಚೀಟಿಯನ್ನು ನೆನಪಿಸುತ್ತದೆ. ಪಂಜಾಬಿನ ರೋಗಿಗಳ ಪದ 'ತೋಡ್'. ಮುರಿಯುವುದು ಎಂಬ ಕ್ರಿಯೆಯಿಂದ ಬಂದದ್ದು, ನಮ್ಮ 'ಮೈಮುರಿತ'ದ ಹಾಗೆ. ಹೆರಾಯಿನ್ ಆದರೆ ಕೊನೆಯ ಸೇವನೆಯ ಸುಮಾರು 8ರಿಂದ 12 ಗಂಟೆಗಳ ನಂತರ ಶುರು: ಆಕಳಿಕೆ, ಕಣ್ಣೀರು, ಸೋರುವ ಮೂಗು, ಮೈಯ ರೋಮ ನಿಮಿರುವುದು, ಹೊಟ್ಟೆ ನುಲಿತ, ಭೇದಿ, ಒಂದು ಕಡೆ ನಿಲ್ಲದ ಕಾಲುಗಳು. ಎರಡು ಮೂರನೆಯ ದಿನ ಜೋರಾಗಿ, ವಾರದೊಳಗೆ ಬಹುಮಟ್ಟಿಗೆ ಇಳಿಯುತ್ತದೆ. ಇದನ್ನು ಅಳೆಯಲು 11 ಅಂಶಗಳ ಮಾಪಕವೊಂದಿದೆ. ನಾಡಿ, ಬೆವರು, ಕಣ್ಣಿನ ಪಾಪೆಯ ಅಗಲ, ಆಕಳಿಕೆಯ ಲೆಕ್ಕ ಎಲ್ಲಕ್ಕೂ ಅಂಕ.

ಮಾಪಕದಲ್ಲಿ ಇಲ್ಲದ್ದು ಒಂದಿದೆ: ಬೆಳಗ್ಗೆ ಎದ್ದ ಕೂಡಲೇ ಇವತ್ತಿನದಕ್ಕೆ ಎಲ್ಲಿ, ಎಷ್ಟು ದುಡ್ಡು ಎಂಬ ಲೆಕ್ಕ. ಅವಲಂಬನೆ ಬಲಿತ ಮೇಲೆ ಮತ್ತಿನ ಮಜಕ್ಕಾಗಿ ತೆಗೆದುಕೊಳ್ಳುವವರು ಕಡಿಮೆ. ಎದ್ದು ನಿಲ್ಲಲು, ಕೆಲಸಕ್ಕೆ ಹೋಗಲು, ಮಾಮೂಲಿ ಮನುಷ್ಯನಾಗಿ ಇರಲು ತೆಗೆದುಕೊಳ್ಳುತ್ತಾರೆ. ಚಿಕಿತ್ಸೆ ಹಿಡಿದ ಮೇಲೆ ಏನು ಬದಲಾಯಿತು ಎಂದು ಕೇಳಿದಾಗ ಮೊದಲು ಬರುವ ಉತ್ತರವೂ ಸಾಮಾನ್ಯವಾಗಿ ಇದೇ: ತಲೆಯೊಳಗಿನ ಆ ಲೆಕ್ಕ ನಿಂತಿತು. ಇದನ್ನು 'ತುಡಿತ ಕಡಿಮೆಯಾಗಿದೆ' ಎಂದು ಕೇಸ್ ಶೀಟಿನಲ್ಲಿ ಬರೆದು ಮುಗಿಸಿದರೆ ಅರ್ಧ ಸಂಗತಿ ಹೋಗುತ್ತದೆ. ದಿನದಲ್ಲಿ ಎಷ್ಟೋ ಗಂಟೆಗಳು ಒಮ್ಮೆಲೇ ಖಾಲಿಯಾಗುತ್ತವೆ. ಆ ಖಾಲಿ ಹೊತ್ತನ್ನು ಏನು ಮಾಡುವುದು ಎಂಬುದೂ ರೋಗಿಗೆ ಒಂದು ಸಮಸ್ಯೆಯೇ.

ನ್ಯೂಯಾರ್ಕ್, 1964

ಮೆಥಡೋನ್ ಹುಟ್ಟಿದ್ದು 1930ರ ದಶಕದ ಕೊನೆಯಲ್ಲಿ, ಜರ್ಮನಿಯಲ್ಲಿ, ನೋವಿನ ಔಷಧಿಯಾಗಿ. ಅದು ಹೆರಾಯಿನ್ ಅವಲಂಬನೆಗೆ ದೀರ್ಘಕಾಲದ ಚಿಕಿತ್ಸೆಯಾದದ್ದು ನ್ಯೂಯಾರ್ಕಿನ ರಾಕ್‌ಫೆಲ್ಲರ್ ಸಂಸ್ಥೆಯಲ್ಲಿ. ವಿನ್ಸೆಂಟ್ ಡೋಲ್, ಮೇರಿ ನೈಸ್ವಾಂಡರ್, ಅವರ ಜೊತೆಗಿದ್ದ ಯುವ ವೈದ್ಯೆ ಮೇರಿ ಜೀನ್ ಕ್ರೀಕ್, ಈ ಮೂವರ ಹೆಸರು ನೆನಪಿಡಿ. ಮೊದಲಿಗೆ ಇಬ್ಬರು ರೋಗಿಗಳಿಗೆ ಮಾರ್ಫಿನ್ ಕೊಟ್ಟು ನೋಡಿದರು. ದಿನಕ್ಕೆ ಹಲವು ಸಲ ಚುಚ್ಚಬೇಕು. ಇಬ್ಬರೂ ನಿಲುವಂಗಿ ತೊಟ್ಟು ಟಿ.ವಿ. ಮುಂದೆ ಕುಳಿತಿರುವುದು, ಮುಂದಿನ ಚುಚ್ಚುಮದ್ದು ಯಾವಾಗ ಎಂದು ಕೇಳುವುದು, ಇದೇ ದಿನಚರಿ. ಬಳಿಕ ಮೆಥಡೋನ್‌ಗೆ ಬದಲಾಯಿಸಿದರು. ಕೆಲವು ವಾರಗಳಲ್ಲಿ ಇಬ್ಬರಲ್ಲಿ ಹಿರಿಯವನು ಚಿತ್ರ ಬಿಡಿಸಲು ಕುಳಿತ. ಕಿರಿಯವನು ಹೈಸ್ಕೂಲ್ ಪರೀಕ್ಷೆ ಕಟ್ಟಬೇಕು, ಬಿಡಿ ಎಂದು ವೈದ್ಯರ ಬೆನ್ನುಬಿದ್ದ. 22 ರೋಗಿಗಳ ವಿವರದೊಂದಿಗೆ ಅವರ ಪ್ರಬಂಧ ಬಂದದ್ದು 1965ರಲ್ಲಿ.

ಮಾರ್ಫಿನ್ ಕೂಡ ಓಪಿಯಾಯ್ಡ್, ಮೆಥಡೋನ್ ಕೂಡ ಓಪಿಯಾಯ್ಡ್. ಎರಡೂ ಮಿದುಳಿನ ಅದೇ ಮ್ಯೂ ಗ್ರಾಹಿಗಳ (ಔಷಧಿ ಬಂದು ಅಂಟುವ ತಾಣಗಳ) ಮೇಲೆ ಕೆಲಸ ಮಾಡುತ್ತವೆ. ಹಾಗಾದರೆ ವ್ಯತ್ಯಾಸ ಎಲ್ಲಿಂದ ಬಂತು? ವೇಗದಿಂದ. ಚುಚ್ಚಿದ ಮಾರ್ಫಿನ್ ಸರ್ರನೆ ಏರಿ ಸರ್ರನೆ ಇಳಿಯುತ್ತದೆ, ಪ್ರತಿ ಇಳಿತವೂ ಒಂದು ಸಣ್ಣ ತೋಡ್. ಕುಡಿದ ಮೆಥಡೋನ್ ನಿಧಾನವಾಗಿ ಏರಿ ದಿನವಿಡೀ ಒಂದೇ ಮಟ್ಟದಲ್ಲಿ ನಿಲ್ಲುತ್ತದೆ. 'ಒಂದು ಚಟದ ಬದಲು ಇನ್ನೊಂದು ಚಟ' ಎಂದು ವಾದಿಸುವವರು, ನಮ್ಮ ಮೇಷ್ಟ್ರುಗಳಲ್ಲೂ ಒಬ್ಬಿಬ್ಬರಿದ್ದಾರೆ, ಈ ಏರಿಳಿತದ ಗೆರೆಯನ್ನು ಒಮ್ಮೆ ಕಾಗದದ ಮೇಲೆ ಬರೆದು ನೋಡಲಿ.

ನಿಧಾನಕ್ಕೆ ಒಂದು ಬೆಲೆಯೂ ಇದೆ. ಮೆಥಡೋನ್ ದೇಹದಲ್ಲಿ ಸಮಸ್ಥಿತಿಗೆ, ಅಂದರೆ ದಿನದಿಂದ ದಿನಕ್ಕೆ ಬದಲಾಗದ ಮಟ್ಟಕ್ಕೆ, ಬರಲು ಹಲವು ದಿನ ಬೇಕು. ಮೊದಲ ವಾರದಲ್ಲಿ ಸಂಜೆಯ ಹೊತ್ತಿಗೆ ಡೋಸ್ ಸಾಲುತ್ತಿಲ್ಲ ಎಂದು ರೋಗಿ ಹೇಳುವುದು ನಿಜವಾದ ದೂರು, ನಾಟಕ ಎಂದು ತಿಳಿಯಬೇಡಿ. ಆದರೆ ವೈದ್ಯರು ಥಟ್ಟನೆ ಏರಿಸುವಂತಿಲ್ಲ, ಏಕೆಂದರೆ ಇಂದಿನ ಡೋಸ್ ಮೇಲೆ ನಿನ್ನೆಯದು ಇನ್ನೂ ಕುಳಿತಿರುತ್ತದೆ. ರೋಗಿ ಹೊರಗೆ ಹೋಗಿ ಹೆರಾಯಿನ್ನೋ ಮದ್ಯವೋ ನಿದ್ರೆ ಮಾತ್ರೆಯೋ ಸೇರಿಸಿಕೊಂಡರೆ ಉಸಿರಾಟ ನಿಲ್ಲುವ ಅಪಾಯ ಇರುವುದು ಇಲ್ಲಿಯೇ. ಇದನ್ನು ರೋಗಿಗೂ ಮನೆಯವರಿಗೂ ಮೊದಲ ದಿನವೇ ಬಿಡಿಸಿ ಹೇಳಬೇಕು.

ಟವೆಲ್ ಹಾಕಿದ ಸೀಟು

ಬುಪ್ರೆನಾರ್ಫಿನ್‌ಗೆ ಬರೋಣ. 1966ರಲ್ಲಿ ಇಂಗ್ಲೆಂಡಿನಲ್ಲಿ ತಯಾರಾದ ಔಷಧಿ. ನನಗೆ ಇದು ಅರ್ಥವಾದದ್ದು ಸರ್ಕಾರಿ ಬಸ್ಸಿನಿಂದ. ಗ್ರಾಹಿಗಳು ಸೀಟುಗಳು ಎನ್ನಿ. ಹೆರಾಯಿನ್ ಸೀಟಿನಲ್ಲಿ ಕುಳಿತು ಬಸ್ಸನ್ನೇ ಅಲ್ಲಾಡಿಸುವ ಪ್ರಯಾಣಿಕ. ಬುಪ್ರೆನಾರ್ಫಿನ್ ಕಿಟಕಿಯಿಂದಲೇ ಟವೆಲ್ ಎಸೆದು ಸೀಟು ಹಿಡಿಯುವವನು: ಒಳಗೆ ಬಂದರೆ ಕುಳಿತವನನ್ನೂ ಎಬ್ಬಿಸುತ್ತಾನೆ, ತಾನು ಮಾತ್ರ ಸುಲಭಕ್ಕೆ ಏಳುವುದಿಲ್ಲ. ಆದರೆ ಗಲಾಟೆ ಅರ್ಧವೇ. ಇನ್ನಷ್ಟು ಜನ ಇಂಥವರೇ ಹತ್ತಿದರೂ ಗದ್ದಲ ಒಂದು ಮಿತಿಗಿಂತ ಮೇಲೆ ಹೋಗುವುದಿಲ್ಲ. ಆ ಮಿತಿಯೇ ಪುಸ್ತಕದ ಭಾಷೆಯಲ್ಲಿ ಚಾವಣಿ ಪರಿಣಾಮ. ಉಸಿರಾಟದ ಮಟ್ಟಿಗೆ ಮೆಥಡೋನ್‌ಗಿಂತ ಇದು ಕಡಿಮೆ ಅಪಾಯಕಾರಿ ಎನ್ನುವುದು ಇದರಿಂದಲೇ.

ಈಗ ರೋಗಿಗಳು ಹೆದರುವ ಮೊದಲ ಡೋಸ್. ಬೆಳಗ್ಗೆ ಹೆರಾಯಿನ್ ತೆಗೆದುಕೊಂಡವನು ಮಧ್ಯಾಹ್ನಕ್ಕೆ ಬುಪ್ರೆನಾರ್ಫಿನ್ ಇಟ್ಟುಕೊಂಡರೆ ಏನಾಗುತ್ತದೆ? ತುಂಬಿದ ಬಸ್ಸಿನಿಂದ ಎಲ್ಲರನ್ನೂ ಒಮ್ಮೆಲೇ ಇಳಿಸಿದ ಹಾಗೆ. ಮೂರು ದಿನದ ತೋಡ್ ಅರ್ಧ ಗಂಟೆಯಲ್ಲಿ ಮೈಮೇಲೆ ಬೀಳುತ್ತದೆ. ಒಮ್ಮೆ ಇದನ್ನು ಅನುಭವಿಸಿದವನು ಆ ಗುಳಿಗೆಯೇ ವಿಷ ಎಂದು ತೀರ್ಮಾನಿಸಿ ಮತ್ತೆ ಬಾರದೆ ಹೋಗಬಹುದು, ಗೆಳೆಯರಿಗೂ ಹೇಳುತ್ತಾನೆ. ಆದ್ದರಿಂದ ಹೆರಾಯಿನ್ ನಂತರ ಸಾಮಾನ್ಯವಾಗಿ 12ರಿಂದ 24 ಗಂಟೆ ಕಾದು, ಲಕ್ಷಣಗಳು ಕಣ್ಣಿಗೆ ಕಂಡ ಮೇಲೆಯೇ 2ರಿಂದ 4 ಮಿಲಿಗ್ರಾಂನಿಂದ ಆರಂಭಿಸುತ್ತಾರೆ. ನಾವು 'ಕಾಯಿರಿ' ಎಂದು ಹೇಳುವುದು ಒಂದು ಪದ. ಅವನಿಗೆ ಅದು ವರ್ಷಗಳಿಂದ ಓಡಿ ತಪ್ಪಿಸಿಕೊಂಡ ನರಳಾಟವನ್ನು ಕೂತು ಬರಮಾಡಿಕೊಳ್ಳುವ ಒಂದು ರಾತ್ರಿ. ಆ ರಾತ್ರಿ ಜೊತೆಗೆ ಯಾರಿರುತ್ತಾರೆ ಎಂದು ಕೇಳುವುದನ್ನು ಮರೆಯಬೇಡಿ.

ಗುಳಿಗೆಯಲ್ಲಿ ಓಪಿಯಾಯ್ಡ್ ಪ್ರತಿರೋಧಕವಾದ ನಾಲೋಕ್ಸೋನ್ ಏಕೆ ಬೆರೆಸುತ್ತಾರೆ ಎಂಬುದು ಪ್ರತಿ ವರ್ಷ ಬರುವ ಪ್ರಶ್ನೆ. ನಾಲಿಗೆಯ ಕೆಳಗಿಟ್ಟರೆ ಅದು ಹೆಚ್ಚೇನೂ ಹೀರಲ್ಪಡುವುದಿಲ್ಲ, ಸುಮ್ಮನಿರುತ್ತದೆ. ಕರಗಿಸಿ ಚುಚ್ಚಿಕೊಂಡರೆ ಎಚ್ಚೆತ್ತು ತೋಡ್ ಎಬ್ಬಿಸುತ್ತದೆ. ನಾಲ್ಟ್ರೆಕ್ಸೋನ್ ಬಗ್ಗೆ ಇಷ್ಟು ಸಾಕು: ಶುರುಮಾಡಲು ಸುಮಾರು 7ರಿಂದ 10 ದಿನ ಓಪಿಯಾಯ್ಡ್ ಇಲ್ಲದೆ ಇರಬೇಕು. ಮತ್ತಿನ ಅಂಶವಿಲ್ಲ ಎಂದು ಮನೆಯವರಿಗೆ ಇಷ್ಟ. ಮಾತ್ರೆಯ ರೂಪದಲ್ಲಿ ಬಹಳ ರೋಗಿಗಳು ನಡುವೆಯೇ ಕೈಬಿಡುತ್ತಾರೆ.

ಸರದಿ

ಅಮೆರಿಕದ ಮೆಥಡೋನ್ ರೋಗಿಗಳು ತಮ್ಮ ಚಿಕಿತ್ಸೆಗೆ ಇಟ್ಟ ಹೆಸರು 'ದ್ರವರೂಪದ ಬೇಡಿ'. ಔಷಧಿಯ ಮೇಲೆ ಸಿಟ್ಟಲ್ಲ ಅದು. ದಿನವೂ ಮುಂಜಾನೆ ಕ್ಲಿನಿಕ್ ಮುಂದೆ ನಿಂತು, ದಾದಿಯ ಕಣ್ಣೆದುರು ಕುಡಿದು, ಆಮೇಲೆ ಕೆಲಸಕ್ಕೆ ಓಡುವುದರ ಮೇಲಿನ ಸಿಟ್ಟು. ಊರು ಬಿಟ್ಟು ಮದುವೆಗೆ ಹೋಗುವಂತಿಲ್ಲ, ರಾತ್ರಿ ಪಾಳಿ ಒಪ್ಪುವಂತಿಲ್ಲ. 2020ರ ಮಾರ್ಚ್‌ನಲ್ಲಿ ಕೋವಿಡ್ ಕಾರಣದಿಂದ, ಸ್ಥಿರವಾಗಿರುವ ರೋಗಿಗಳಿಗೆ 28 ದಿನಗಳವರೆಗಿನ ಔಷಧಿಯನ್ನು ಮನೆಗೆ ಕೊಡಲು ಅಲ್ಲಿ ಅನುಮತಿ ಸಿಕ್ಕಿತು. 2024ರಲ್ಲಿ ಆ ಸಡಿಲಿಕೆ ಕಾಯಂ ನಿಯಮವಾಯಿತು. ಫ್ರಾನ್ಸ್ ಮೊದಲಿನಿಂದಲೂ ಬೇರೆ ದಾರಿ ಹಿಡಿದಿತ್ತು. 1996ರಿಂದ ಸಾಮಾನ್ಯ ವೈದ್ಯರೇ ಬುಪ್ರೆನಾರ್ಫಿನ್ ಬರೆದುಕೊಡತೊಡಗಿದರು. 1990ರ ದಶಕದ ಕೊನೆಯ ಹೊತ್ತಿಗೆ ಅಲ್ಲಿ ಮಿತಿಮೀರಿದ ಸೇವನೆಯ ಸಾವುಗಳು ತೀವ್ರವಾಗಿ ಇಳಿದವು.

ಭಾರತದಲ್ಲಿ ದೆಹಲಿಯ ಏಮ್ಸ್ 1990ರ ದಶಕದಲ್ಲೇ ಬುಪ್ರೆನಾರ್ಫಿನ್ ಬಳಸತೊಡಗಿತ್ತು. ರಾಷ್ಟ್ರೀಯ ಏಡ್ಸ್ ನಿಯಂತ್ರಣ ಸಂಸ್ಥೆ ಇದನ್ನು ತನ್ನ ಕಾರ್ಯಕ್ರಮಕ್ಕೆ ಸೇರಿಸಿಕೊಂಡದ್ದು 2007-08ರ ಸುಮಾರಿಗೆ. ಏಡ್ಸ್ ಸಂಸ್ಥೆ ಏಕೆ ಎಂದರೆ, ಹಂಚಿಕೊಂಡ ಸೂಜಿಯಿಂದ ಎಚ್‌ಐವಿ ಹರಡುವುದನ್ನು ತಡೆಯುವುದು ಮುಖ್ಯ ಗುರಿಯಾಗಿತ್ತು. ಈ ಕೇಂದ್ರಗಳಲ್ಲಿ ಗುಳಿಗೆಯನ್ನು ಒರಟಾಗಿ ಪುಡಿಮಾಡಿ ನಾಲಿಗೆಯ ಕೆಳಗೆ ಹಾಕುತ್ತಾರೆ, ಕರಗುವವರೆಗೆ ಎದುರಿಗೇ ಕೂರಿಸುತ್ತಾರೆ, ಕೊನೆಗೆ ಬಾಯಿ ತೆರೆಸಿ ನೋಡುತ್ತಾರೆ. ಗುಳಿಗೆ ಹೊರಗೆ ಮಾರಾಟವಾಗಬಾರದು ಎಂಬುದು ಕಾರಣ, ಮತ್ತು ಆ ಭಯ ಸುಳ್ಳಲ್ಲ. ನಮ್ಮ ದೇಶದ ಬೀದಿಗಳಲ್ಲಿ ಬುಪ್ರೆನಾರ್ಫಿನ್ ಇಂಜೆಕ್ಷನ್ನಿನ ದುರ್ಬಳಕೆಯ ಇತಿಹಾಸವಿದೆ. ಆದರೂ ದಿನಗೂಲಿಯವನ ಲೆಕ್ಕ ಮಾಡಿ ನೋಡಿ. ಬಸ್ಸು, ಸರದಿ, ಹತ್ತು ನಿಮಿಷದ ಕರಗುವಿಕೆ, ವಾಪಸ್ ಬಸ್ಸು. ಮೇಸ್ತ್ರಿ ಕೂಲಿಯವರನ್ನು ಆರಿಸಿಕೊಳ್ಳುವ ಹೊತ್ತಿಗೆ ಅವನು ಅಲ್ಲಿರುವುದಿಲ್ಲ. ಎಂಟು ದಿನ ಬಂದು ಒಂಬತ್ತನೆಯ ದಿನ ಬಾರದಿದ್ದರೆ ಫೈಲಿನಲ್ಲಿ 'ಪ್ರೇರಣೆಯ ಕೊರತೆ' ಎಂದು ಬರೆಯುತ್ತೇವೆ. ಆ ಪದವನ್ನು ಬರೆಯುವ ಮುನ್ನ ಬಸ್ಸಿನ ವೇಳಾಪಟ್ಟಿ ಕೇಳಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ. ಪಂಜಾಬ್ 2017ರ ಅಕ್ಟೋಬರ್‌ನಲ್ಲಿ ಹೊರರೋಗಿ ಕ್ಲಿನಿಕ್‌ಗಳ ಜಾಲವನ್ನೇ ಆರಂಭಿಸಿತು. ಅಲ್ಲಿ ಹೆಸರು ದಾಖಲಿಸುವುದೆಂದರೆ ಪೊಲೀಸರ ಪಟ್ಟಿಗೆ ಸೇರಿದಂತೆ ಎಂಬ ಅಂಜಿಕೆ ಬೇರೆ. 1985ರ ಮಾದಕವಸ್ತು ಕಾಯ್ದೆಯ 64ಎ ಕಲಂ, ಸ್ವಇಚ್ಛೆಯಿಂದ ಚಿಕಿತ್ಸೆಗೆ ಬರುವ ವ್ಯಸನಿಗೆ ಕೆಲವು ಷರತ್ತುಗಳೊಂದಿಗೆ ಮೊಕದ್ದಮೆಯಿಂದ ರಕ್ಷಣೆ ಕೊಡುತ್ತದೆ. ಇದನ್ನು ರೋಗಿಗೆ ಹೇಳಿದರೆ ಮುಖ ಸ್ವಲ್ಪ ಸಡಿಲವಾದೀತು.

ನಮ್ಮ ರಾಜ್ಯದಲ್ಲಿ ಓದುವವರಿಗೆ ವಾರ್ಡಿನಲ್ಲಿ ಹೆಚ್ಚು ಕಾಣುವುದು ಮದ್ಯವ್ಯಸನ. ಆದರೆ ಟ್ಯಾಪೆಂಟಡಾಲ್ ಎಂಬ ನೋವಿನ ಮಾತ್ರೆಯ ಅಕ್ರಮ ಮಾರಾಟದ ಸುದ್ದಿ ಕರ್ನಾಟಕದ ಪತ್ರಿಕೆಗಳಲ್ಲೂ ಬರುತ್ತದೆ. ಅದೂ ಓಪಿಯಾಯ್ಡೇ. ಮೆಡಿಕಲ್ ಶಾಪ್‌ನಿಂದ ಬಂದ ಮಾತ್ರೆಯಾದ್ದರಿಂದ ತೆಗೆದುಕೊಳ್ಳುವವನು ತನ್ನನ್ನು ವ್ಯಸನಿ ಎಂದು ಎಣಿಸಿಯೇ ಇರುವುದಿಲ್ಲ.

"ಇನ್ನೂ ಎಷ್ಟು ದಿನ?"

ಈ ಪ್ರಶ್ನೆಯನ್ನು ರೋಗಿಗಿಂತ ಹೆಚ್ಚಾಗಿ ತಾಯಿ, ಹೆಂಡತಿ, ಅಣ್ಣ ಕೇಳುತ್ತಾರೆ. ಹೆರಾಯಿನ್ ಬಿಟ್ಟು ಎಂಟು ತಿಂಗಳಾಯಿತು, ಕೆಲಸಕ್ಕೆ ಹೋಗುತ್ತಿದ್ದಾನೆ, ಮನೆಗೆ ದುಡ್ಡು ಕೊಡುತ್ತಿದ್ದಾನೆ. ಇನ್ನು ಈ ಗುಳಿಗೆಯೂ ಏಕೆ? ಸ್ವೀಡನ್ನಿನಲ್ಲಿ ನಡೆದು 2003ರಲ್ಲಿ ಪ್ರಕಟವಾದ ಒಂದು ಸಣ್ಣ ಪ್ರಯೋಗವನ್ನು ಇಲ್ಲಿ ಇಡೀ ಟಿಪ್ಪಣಿಯ ನಡುಗಂಬವಾಗಿ ನೆನಪಿಡಿ. 40 ಜನ ಹೆರಾಯಿನ್ ಅವಲಂಬಿತರು. 20 ಜನರಿಗೆ ವರ್ಷಪೂರ್ತಿ ಬುಪ್ರೆನಾರ್ಫಿನ್. ಉಳಿದ 20 ಜನರಿಗೆ ಆರು ದಿನ ಇಳಿಸುತ್ತಾ ಕೊಟ್ಟು ಬಳಿಕ ಹುಸಿಗುಳಿಗೆ. ಆಪ್ತಸಮಾಲೋಚನೆ ಎರಡೂ ಗುಂಪಿಗೆ ಒಂದೇ. ವರ್ಷದ ಕೊನೆಗೆ ಮೊದಲ ಗುಂಪಿನಲ್ಲಿ ನೂರಕ್ಕೆ 75 ಮಂದಿ ಚಿಕಿತ್ಸೆಯಲ್ಲಿ ಉಳಿದಿದ್ದರು, ಎರಡನೆಯದರಲ್ಲಿ ಒಬ್ಬರೂ ಇಲ್ಲ. ಎರಡನೆಯ ಗುಂಪಿನ ನಾಲ್ವರು ಸತ್ತಿದ್ದರು.

2017ರಲ್ಲಿ ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ ಮಾಡಿದ ಲೆಕ್ಕ ಇನ್ನೊಂದು: ಮೆಥಡೋನ್ ಚಿಕಿತ್ಸೆಯಲ್ಲಿರುವಾಗ ಸಾವು ವರ್ಷಕ್ಕೆ 1000ಕ್ಕೆ 11.3, ಬಿಟ್ಟ ಮೇಲೆ 36.1. ಬುಪ್ರೆನಾರ್ಫಿನ್‌ನಲ್ಲಿ 4.3 ಮತ್ತು 9.5. ಬಿಟ್ಟ ಮೇಲಿನ ಮೊದಲ ನಾಲ್ಕು ವಾರ ವಿಶೇಷವಾಗಿ ಕೆಟ್ಟ ಕಾಲ. ಕಾರಣ ಸರಳ. ಔಷಧಿ ನಿಂತಾಗ ದೇಹದ ಸಹನಶಕ್ತಿ ಇಳಿಯುತ್ತದೆ, ಆದರೆ ಕೈಗೆ ಹಳೆಯ ಅಳತೆಯೇ ನೆನಪಿರುತ್ತದೆ. ಜೈಲಿನಿಂದ ಹೊರಬಂದವರಲ್ಲಿಯೂ ಇದೇ ಕಥೆ.

ಇದನ್ನು ಮನೆಯವರಿಗೆ ವಿವರಿಸಲು ಸಕ್ಕರೆ ಕಾಯಿಲೆಯ ಹೋಲಿಕೆ ಕೊಡುವುದು ರೂಢಿ. ನಾನೂ ಕೊಡುತ್ತೇನೆ, ಆದರೆ ಅದು ಪೂರಾ ಹೊಂದುವುದಿಲ್ಲ. ಇನ್ಸುಲಿನ್ ತೆಗೆದುಕೊಳ್ಳುವವನ ಜೇಬನ್ನು ಯಾರೂ ತಡಕುವುದಿಲ್ಲ, ನಾಲಿಗೆ ಎತ್ತಿಸಿ ನೋಡುವುದಿಲ್ಲ. ರೋಗಿಗೆ ಆ ವ್ಯತ್ಯಾಸ ನಮಗಿಂತ ಚೆನ್ನಾಗಿ ಗೊತ್ತು. ನಾಚಿಕೆ ಎಷ್ಟರ ಮಟ್ಟಿಗೆ ಎಂದರೆ, ಹರ್ನಿಯಾ ಆಪರೇಷನ್ನಿಗೆ ಸೇರಿದಾಗಲೂ ಕೆಲವರು ಈ ಔಷಧಿಯ ವಿಷಯ ಬಾಯಿಬಿಡುವುದಿಲ್ಲ. ಆಮೇಲೆ ಕೊಟ್ಟ ನೋವಿನ ಇಂಜೆಕ್ಷನ್ ಏಕೆ ತಾಗುತ್ತಿಲ್ಲ ಎಂದು ಸರ್ಜನ್ ತಲೆಕೆರೆದುಕೊಳ್ಳಬೇಕು. ಟವೆಲ್ ಹಾಕಿದ ಸೀಟನ್ನು ನೆನೆಯಿರಿ, ಕಾರಣ ಹೊಳೆಯುತ್ತದೆ. ಗರ್ಭಿಣಿಯರು ಹೆದರಿ ತಾವೇ ನಿಲ್ಲಿಸಿಬಿಡುವುದುಂಟು. ಗರ್ಭಾವಸ್ಥೆಯಲ್ಲಿ ಚಿಕಿತ್ಸೆ ಮುಂದುವರಿಸಬೇಕೆಂಬುದೇ ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. ಮಗುವಿಗೆ ಹುಟ್ಟಿದ ಮೇಲೆ ಬರಬಹುದಾದ ಹಿಂತೆಗೆತಕ್ಕೆ ಚಿಕಿತ್ಸೆ ಇದೆ.

ಉಳಿದ ದೂರುಗಳು ಸಣ್ಣವು ಎಂದು ನಮಗೆ ಅನ್ನಿಸುವಂಥವು: ಮಲಬದ್ಧತೆ, ಬೆವರು, ಕಾಮಾಸಕ್ತಿ ಕುಗ್ಗುವುದು. ಮೂರನೆಯದನ್ನು ಯಾರೂ ಹೇಳುವುದಿಲ್ಲ, ನಾವೇ ಕೇಳಬೇಕು. ಬಾಯಲ್ಲಿ ಕರಗುವ ಬುಪ್ರೆನಾರ್ಫಿನ್‌ನಿಂದ ಹಲ್ಲು ಹಾಳಾಗಬಹುದು ಎಂದು 2022ರಲ್ಲಿ ಅಮೆರಿಕದ ಔಷಧ ನಿಯಂತ್ರಕರು ಎಚ್ಚರಿಸಿದರು. ಪೂರ್ತಿ ಕರಗಿದ ಮೇಲೆ ಒಂದು ಗುಟುಕು ನೀರನ್ನು ಬಾಯಲ್ಲಿ ಆಡಿಸಿ ನುಂಗಬೇಕು, ಹಲ್ಲುಜ್ಜಲು ಕನಿಷ್ಠ ಒಂದು ಗಂಟೆ ಕಾಯಬೇಕು.

ಕೊನೆಗೆ ನನ್ನ ಕೇಸ್ ಹಾಳೆಯಲ್ಲಿ ಕೈಬರಹದಲ್ಲಿ ಸೇರಿಸಿಕೊಂಡ ಪ್ರಶ್ನೆಗಳು. ಬೆಳಗ್ಗೆ ಎಷ್ಟಕ್ಕೆ ಮನೆ ಬಿಡುತ್ತೀರಿ? ಇಲ್ಲಿಗೆ ಬರುವುದು ಮನೆಯಲ್ಲಿ ಯಾರಿಗೆ ಗೊತ್ತು? ಕಳೆದ ಬಾರಿ ನಿಲ್ಲಿಸಿದ್ದು ನಿಮ್ಮ ಇಷ್ಟದಿಂದಲೋ, ಯಾರದಾದರೂ ಒತ್ತಾಯದಿಂದಲೋ? ಮನೆಗೆ ಗುಳಿಗೆ ಕೊಟ್ಟಿದ್ದರೆ ಅದನ್ನು ಎಲ್ಲಿ ಇಡುತ್ತೀರಿ? ಈ ಕೊನೆಯದಕ್ಕೆ ಹೆಚ್ಚು ಹೊತ್ತು ಕೊಡಿ. ಯಾರಿಗೂ ಕಾಣಬಾರದೆಂದು ಅಕ್ಕಿ ಡಬ್ಬದ ಹಿಂದೆಯೋ ಹಾಸಿಗೆಯ ಕೆಳಗೋ ಬಚ್ಚಿಟ್ಟ ಗುಳಿಗೆ ಮನೆಯ ಪುಟ್ಟ ಮಗುವಿನ ಕೈಗೆ ಸಿಗುತ್ತದೆ, ಮತ್ತು ದೊಡ್ಡವರಿಗೆ ಮಾಮೂಲಿಯಾದ ಒಂದು ಗುಳಿಗೆ ಮಗುವಿನ ಉಸಿರು ನಿಲ್ಲಿಸಬಲ್ಲದು. ಬೀಗ ಇರುವ ಒಂದು ಸಣ್ಣ ತಗಡಿನ ಡಬ್ಬಿ ಸಾಕು. ಕೀಲಿ ಯಾರ ಬಳಿ ಇರಬೇಕು ಎಂಬುದನ್ನು ಅವರನ್ನೇ ಕೇಳಿ ಬರೆದುಕೊಳ್ಳಿ.