ನಾಳೆಯೂ ಫೋನ್ ಬರುತ್ತದೆ

2020ರ ಮಾರ್ಚ್ 11ರಂದು ವಿಶ್ವ ಆರೋಗ್ಯ ಸಂಸ್ಥೆ ಕೋವಿಡ್ ರೋಗವನ್ನು ಜಾಗತಿಕ ಸಾಂಕ್ರಾಮಿಕ ಎಂದು ಸಾರಿತು. ಒಂಬತ್ತು ದಿನಗಳ ಬಳಿಕ ಅದೇ ಸಂಸ್ಥೆಯ ತಜ್ಞರು ಒಂದು ಪದವನ್ನು ತಿದ್ದಲು ಹೊರಟರು: ‘ಸಾಮಾಜಿಕ ಅಂತರ’ ಎನ್ನಬೇಡಿ, ‘ದೈಹಿಕ ಅಂತರ’ ಎನ್ನಿ, ಜನರ ನಡುವಿನ ನಂಟು ಉಳಿಯಲೇಬೇಕು. ಅಷ್ಟರಲ್ಲಿ ಹಳೆಯ ಪದ ಲೋಕವೆಲ್ಲ ಸುತ್ತಿ ಬಂದಿತ್ತು. ಕನ್ನಡದಲ್ಲಿಯೂ ‘ಸಾಮಾಜಿಕ ಅಂತರ’ವೇ ಬೇರೂರಿತು. ಈ ಪದ ನನ್ನನ್ನು ಇಂದಿಗೂ ಚುಚ್ಚುತ್ತದೆ. ಏಕೆಂದರೆ ಅನೇಕರ ಬದುಕಿನಲ್ಲಿ ಅದು ಅಕ್ಷರಶಃ ನಿಜವಾಯಿತು. ಒಬ್ಬರೇ ವಾಸಿಸುತ್ತಿದ್ದ ವೃದ್ಧರು, ಕಾಯಿಲೆಯವರು, ಹೊಸ ಊರಿಗೆ ಬಂದು ಯಾರ ಪರಿಚಯವೂ ಆಗದೆ ಉಳಿದಿದ್ದ ಯುವಕರು ದಿನಗಟ್ಟಲೆ ಒಂದು ಮಾತೂ ಆಡದೆ ಕಳೆದರು.

ಅಂಥವರಿಗೆ ಗೊತ್ತುಮಾಡಿದ ಹೊತ್ತಿಗೆ ಫೋನ್ ಮಾಡಿ ಕಷ್ಟಸುಖ ಕೇಳುವ ಕೆಲಸವನ್ನು ಎಷ್ಟೋ ದೇಶಗಳಲ್ಲಿ ಸಣ್ಣ ಸ್ವಯಂಸೇವಾ ಸಂಸ್ಥೆಗಳು ವಹಿಸಿಕೊಂಡವು. ಸಾಂಕ್ರಾಮಿಕ ಕಾಲದ ಹೊಸ ಕಲ್ಪನೆಯಂತೆ ಅದರ ಬಗ್ಗೆ ಬರೆದವರಿದ್ದಾರೆ. ಆದರೆ ಒಂಟಿಯಾದವರಿಗೆ ಜೊತೆಯಾಗುವ ಈ ಬಗೆಯ ಕೆಲಸಕ್ಕೆ ಆಗಲೇ ಸುಮಾರು ಮುಕ್ಕಾಲು ಶತಮಾನದ ವಯಸ್ಸಾಗಿತ್ತು.

ಎರಡನೆಯ ಮಹಾಯುದ್ಧ ಮುಗಿದ ಮರುವರ್ಷ, 1946ರಲ್ಲಿ, ಪ್ಯಾರಿಸ್ಸಿನಲ್ಲಿ ಅರ್ಮಾಂ ಮಾರ್ಕಿಜೆ ಎಂಬವರು ‘ಬಡವರ ಕಿರಿಯ ಸಹೋದರರು’ ಎಂಬ ಅರ್ಥದ ಹೆಸರಿನ ಸಂಘ ಕಟ್ಟಿದರು. ಒಂಟಿಯಾಗಿದ್ದ ಬಡ ವೃದ್ಧರ ಮನೆಗೆ ಊಟ ಒಯ್ಯುವಾಗ ಜೊತೆಗೆ ಹೂವನ್ನೂ ಒಯ್ಯಬೇಕು ಎಂಬುದು ಅವರ ಹಟ. ‘ರೊಟ್ಟಿಗಿಂತ ಮೊದಲು ಹೂವು’ ಎಂಬುದೇ ಆ ಸಂಘದ ಧ್ಯೇಯವಾಕ್ಯ. ಊರೆಲ್ಲ ಅಭಾವವಿದ್ದಾಗ ಹೂವಿಗೆ ದುಡ್ಡು ಸುರಿಯುವುದು ದುಂದು ಎಂದು ಯಾರಿಗಾದರೂ ಅನಿಸಬಹುದು. ಆದರೆ ಹೊಟ್ಟೆ ತುಂಬಿದ ಮೇಲೂ ಉಳಿಯುವ ಹಸಿವೊಂದನ್ನು ಮಾರ್ಕಿಜೆ ಗುರುತಿಸಿದ್ದರು.

ಏಳು ವರ್ಷಗಳ ನಂತರ ಲಂಡನ್ನಿನಲ್ಲಿ ಇನ್ನೊಂದು ಪಾಠ ಸಿಕ್ಕಿತು. 1953ರ ನವೆಂಬರಿನಲ್ಲಿ ಚಾಡ್ ವಾರಾ ಎಂಬ ಪಾದ್ರಿ, ಬದುಕು ಬೇಡವೆನಿಸಿದವರು ತಮಗೆ ಕರೆ ಮಾಡಲೆಂದು ತಮ್ಮ ಚರ್ಚಿನಲ್ಲಿ ಟೆಲಿಫೋನ್ ಇಟ್ಟರು. ಜನ ನೇರವಾಗಿಯೂ ಬರತೊಡಗಿದರು. ಕಾದು ಕುಳಿತವರಿಗೆ ಸ್ವಯಂಸೇವಕರು ಚಹಾ ಕೊಟ್ಟು ಮಾತಿಗೆ ಕೂರುತ್ತಿದ್ದರು. ಹೀಗೆ ಮಾತನಾಡಿದವರಲ್ಲಿ ಹಲವರು ಪಾದ್ರಿಯನ್ನು ಕಾಣದೆಯೇ ಹಗುರಾಗಿ ಎದ್ದು ಹೋದರು. ಕೆಲಸ ಮಾಡುತ್ತಿರುವುದು ತನ್ನ ಸಲಹೆಯಲ್ಲ, ಹೊರಗೆ ಕುಳಿತು ಕಿವಿಗೊಡುವ ಸಾಮಾನ್ಯ ಜನರು ಎಂಬುದು ವಾರಾ ಅವರಿಗೆ ಹೊಳೆಯಿತು. 1954ರ ಫೆಬ್ರವರಿಯಲ್ಲಿ ಅವರು ಟೆಲಿಫೋನನ್ನು ಸ್ವಯಂಸೇವಕರಿಗೇ ಒಪ್ಪಿಸಿಬಿಟ್ಟರು. ‘ಸಮಾರಿಟನ್ಸ್’ ಸಂಸ್ಥೆ ಹುಟ್ಟಿದ್ದು ಹೀಗೆ.

ವೈದ್ಯಲೋಕ ಈ ವಿಷಯಕ್ಕೆ ತಡವಾಗಿ ಬಂದಿತು. ಅಮೆರಿಕದ ಕ್ಯಾಲಿಫೋರ್ನಿಯಾದ ಅಲಮೇಡಾ ಕೌಂಟಿಯಲ್ಲಿ 6,928 ವಯಸ್ಕರನ್ನು 1965ರಿಂದ ಒಂಬತ್ತು ವರ್ಷ ಗಮನಿಸಿದ ಅಧ್ಯಯನವೊಂದು 1979ರಲ್ಲಿ ಪ್ರಕಟವಾಯಿತು. ನಂಟು, ಸ್ನೇಹ, ಸಂಘಗಳ ಒಡನಾಟ ತೀರ ಕಡಿಮೆ ಇದ್ದವರಲ್ಲಿ ಸಾವಿನ ಸಾಧ್ಯತೆ ಹೆಚ್ಚು ಒಡನಾಟವಿದ್ದವರಿಗಿಂತ ಎರಡು ಪಟ್ಟಿಗೂ ಮಿಕ್ಕಿತ್ತು. ಧೂಮಪಾನ, ಕುಡಿತದಂತಹ ಅಭ್ಯಾಸಗಳನ್ನು ಲೆಕ್ಕಕ್ಕೆ ತೆಗೆದುಕೊಂಡ ಮೇಲೂ ಅಂತರ ಉಳಿಯಿತು. 2010ರಲ್ಲಿ 148 ಅಧ್ಯಯನಗಳನ್ನು ಒಟ್ಟಿಗೆ ನೋಡಿದಾಗಲೂ ಸಿಕ್ಕಿದ್ದು ಅದೇ ದಿಕ್ಕಿನ ಉತ್ತರ.

ಸಂಖ್ಯೆಗಳು ಹೇಳಿದ್ದನ್ನು ಬಿಸಿಲು ಇನ್ನೂ ಕ್ರೂರವಾಗಿ ತೋರಿಸಿತು. 1995ರ ಜುಲೈಯಲ್ಲಿ ಶಿಕಾಗೋದ ಬಿಸಿಗಾಳಿಗೆ ಸುಮಾರು 740 ಮಂದಿ ಬಲಿಯಾದರು. 2003ರ ಆಗಸ್ಟಿನಲ್ಲಿ ಫ್ರಾನ್ಸಿನಲ್ಲಿ ಸತ್ತವರು ಸುಮಾರು 15,000. ಎರಡೂ ಕಡೆ ಮಡಿದವರಲ್ಲಿ ಬಹಳ ಮಂದಿ ಒಬ್ಬರೇ ಇದ್ದ ವೃದ್ಧರು. ಒಂದು ಲೋಟ ನೀರು ಕೊಟ್ಟು ಕಿಟಕಿ ತೆರೆಯುವವರು ಬಂದಿದ್ದರೆ ಅವರಲ್ಲಿ ಹಲವರು ಬದುಕುತ್ತಿದ್ದರು. ಮರುವರ್ಷ ಫ್ರಾನ್ಸ್ ಒಂದು ಕಾನೂನು ತಂದಿತು. ತುರ್ತಿನಲ್ಲಿ ವಿಚಾರಿಸಿಕೊಳ್ಳಬೇಕಾದ ವೃದ್ಧರ ಮತ್ತು ಅಂಗವಿಕಲರ ಪಟ್ಟಿಯನ್ನು ಪುರಸಭೆಗಳು ಇಟ್ಟುಕೊಳ್ಳಬೇಕೆಂಬುದು ಅದರ ನಿಯಮ.

ಪಟ್ಟಿ ಎಂದರೆ ನೀರಸ ಕಾಗದ ಎನಿಸೀತು. ಆದರೆ 2020ರಲ್ಲಿ ಎಲ್ಲಕ್ಕಿಂತ ಬೆಲೆಬಾಳುವ ವಸ್ತು ಅದೇ ಆಗಿತ್ತು. ಆ ಮಾರ್ಚಿನಲ್ಲಿ ಇಂಗ್ಲೆಂಡ್ 2.5 ಲಕ್ಷ ಸ್ವಯಂಸೇವಕರು ಬೇಕೆಂದು ಕರೆ ಕೊಟ್ಟಾಗ ಕೆಲವೇ ದಿನಗಳಲ್ಲಿ 7.5 ಲಕ್ಷ ಮಂದಿ ಹೆಸರು ಕೊಟ್ಟರು. ಒಂಟಿಯಾಗಿದ್ದವರೊಂದಿಗೆ ಫೋನಿನಲ್ಲಿ ಮಾತನಾಡುವುದೂ ಅವರ ಕೆಲಸಗಳಲ್ಲಿ ಒಂದು. ಆದರೂ ಮೊದಲ ವಾರಗಳಲ್ಲಿ ಅನೇಕರಿಗೆ ಯಾವ ಕೆಲಸವೂ ಬರಲಿಲ್ಲ. ಮನಸ್ಸುಳ್ಳವರು ಬೇಕಾದಷ್ಟಿದ್ದರು, ಯಾವ ಬಾಗಿಲಿನ ಹಿಂದೆ ಯಾರು ಕಾಯುತ್ತಿದ್ದಾರೆ ಎಂಬ ತಿಳಿವಳಿಕೆ ಮಾತ್ರ ಅಷ್ಟು ಬೇಗ ಹುಟ್ಟುವುದಲ್ಲ. ವರ್ಷಗಳಿಂದ ಊಟ ಮುಟ್ಟಿಸುತ್ತಿದ್ದ, ವಾರಕ್ಕೊಮ್ಮೆ ಹಾಡು ಹರಟೆಗೆ ಜನರನ್ನು ಕೂಡಿಸುತ್ತಿದ್ದ ಸಂಸ್ಥೆಗಳಿಗೆ ಆ ತಿಳಿವಳಿಕೆ ಇತ್ತು.

ಟೆಕ್ಸಸ್‌ನಲ್ಲಿ ನಡೆದ ಪ್ರಯೋಗವೊಂದು ಇದೇ ಬಲದ ಮೇಲೆ ನಿಂತದ್ದು. ವೃದ್ಧರ ಮನೆಗೆ ಊಟ ಒಯ್ಯುವ ಸ್ವಯಂಸೇವಾ ಸಂಸ್ಥೆಯೊಂದರ ಫಲಾನುಭವಿಗಳಲ್ಲಿ 240 ಮಂದಿಯನ್ನು 2020ರ ಜುಲೈಯಿಂದ ಸೆಪ್ಟೆಂಬರ್‌ವರೆಗೆ ಸಂಶೋಧಕರು ಅಧ್ಯಯನಕ್ಕೆ ಸೇರಿಸಿಕೊಂಡರು. ಅವರಲ್ಲಿ ಅರ್ಧಕ್ಕಿಂತ ಹೆಚ್ಚು ಜನ ಒಬ್ಬರೇ ವಾಸಿಸುತ್ತಿದ್ದರು. ಚೀಟಿ ಎತ್ತಿದಂತೆ ಎರಡು ಗುಂಪು ಮಾಡಿ ಒಂದು ಗುಂಪಿಗೆ ನಾಲ್ಕು ವಾರ ಫೋನ್ ಮಾಡಲಾಯಿತು. ಕರೆ ಮಾಡಿದವರು 17ರಿಂದ 23 ವರ್ಷದ ಹದಿನಾರು ಮಂದಿ. ಯಾರೂ ಮನೋವೈದ್ಯರಲ್ಲ, ಅನುಕಂಪದಿಂದ ಮಾತನಾಡುವ ಬಗೆಯನ್ನಷ್ಟೇ ಕಲಿತವರು. ಮೊದಲ ಐದು ದಿನ ದಿನವೂ ಕರೆ. ಆಮೇಲೆ ಎಷ್ಟು ಸಲ ಎಂಬುದನ್ನು ನಿರ್ಧರಿಸುವ ಹಕ್ಕು ಕರೆ ಸ್ವೀಕರಿಸುವವರದು. ವಿಷಯವೂ ಅವರದೇ ಆಯ್ಕೆ. ತಿಂಗಳ ಕೊನೆಗೆ ಕರೆ ಪಡೆದವರಲ್ಲಿ ಒಂಟಿತನವೂ ಖಿನ್ನತೆಯೂ ಆತಂಕವೂ ಇನ್ನೊಂದು ಗುಂಪಿನವರಿಗಿಂತ ತಗ್ಗಿದ್ದವು.

ನನ್ನ ಮಟ್ಟಿಗೆ ಇದರ ತಿರುಳಿರುವುದು ಆ ಮೊದಲ ಐದು ದಿನಗಳಲ್ಲಿ. ಒಮ್ಮೆ ಬಂದ ಕರೆ ದಾಕ್ಷಿಣ್ಯದ್ದೆನಿಸುತ್ತದೆ. ಮರುದಿನ ಅದೇ ದನಿ ನಿನ್ನೆ ಬಿಟ್ಟ ಮಾತನ್ನು ಎತ್ತಿಕೊಂಡು ‘ಮೊಣಕಾಲು ನೋವು ಹೇಗಿದೆ?’ ಎಂದಾಗ, ತಾನು ಇನ್ನೊಬ್ಬರ ನೆನಪಿನಲ್ಲಿ ಇದ್ದೇನೆ ಎಂಬುದು ಖಾತ್ರಿಯಾಗುತ್ತದೆ. ಕೆಲವು ದಿನ ಕಳೆದರೆ ‘ನಿಮ್ಮ ಪರೀಕ್ಷೆ ಏನಾಯಿತು?’ ಎಂದು ಅತ್ತಲಿಂದಲೂ ಪ್ರಶ್ನೆ ಬರಬಹುದು. ಬರೀ ನೆರವು ಪಡೆಯುವವರಾಗಿದ್ದವರು ಆಗ ಇನ್ನೊಬ್ಬರ ಯೋಗಕ್ಷೇಮ ವಿಚಾರಿಸುವವರಾಗುತ್ತಾರೆ. ಒಬ್ಬ ವ್ಯಕ್ತಿಯ ಒಳ್ಳೆಯತನ ಇದನ್ನು ಒಂದೆರಡು ಬಾರಿ ಮಾಡೀತು. ತಿಂಗಳುಗಟ್ಟಲೆ ತಪ್ಪದೆ ನಡೆಯಬೇಕಾದರೆ ದಿನಚರಿ, ತರಬೇತಿ, ಒಬ್ಬರು ಹುಷಾರು ತಪ್ಪಿದರೆ ಇನ್ನೊಬ್ಬರು ಎಂಬ ಏರ್ಪಾಡು ಬೇಕು. ಸಂಸ್ಥೆ ಬೇಕಾಗುವುದು ಅದಕ್ಕೆ.

ಫೋನನ್ನೇ ನೆಚ್ಚಿದ್ದಕ್ಕೂ ಕಾರಣವಿತ್ತು. ವೀಡಿಯೊ ಭೇಟಿಗಳ ಭರಾಟೆಯ ನಡುವೆ, 2021ರಲ್ಲಿ ಕೂಡ ಜಗತ್ತಿನ 290 ಕೋಟಿ ಜನ ಅಂತರ್ಜಾಲವನ್ನು ಎಂದೂ ಬಳಸಿರಲಿಲ್ಲ ಎಂದು ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟ ಅಂದಾಜಿಸಿತ್ತು. ಆದರೆ ಕಿವಿ ಕೇಳದವರಿಗೆ ಫೋನೂ ಗೋಡೆಯೇ. ಅಂಥವರಿಗೆ ಪತ್ರ ಬರೆಯುವ, ಕಿಟಕಿಯ ಹೊರಗೆ ನಿಂತು ಮುಖ ತೋರಿಸುವ ದಾರಿಗಳನ್ನು ಕಂಡುಕೊಳ್ಳಬೇಕಾಯಿತು. ಇನ್ನೊಂದು ಮಾತು: ಒಬ್ಬರೇ ಇರುವವರೆಲ್ಲ ನೊಂದವರಲ್ಲ. ಏಕಾಂತ ಬೇರೆ, ಒಂಟಿತನ ಬೇರೆ ಎಂಬ ಭೇದ ಕನ್ನಡಕ್ಕೆ ಹೊಸದೇನಲ್ಲ. ಸಾಂಕ್ರಾಮಿಕದ ಹಲವು ಸಮೀಕ್ಷೆಗಳಲ್ಲಿ ವೃದ್ಧರಿಗಿಂತ ಯುವಜನರೇ ಹೆಚ್ಚು ಒಂಟಿತನ ಹೇಳಿಕೊಂಡರು. ಅವರನ್ನು ಯಾರ ಪಟ್ಟಿಯೂ ಹಿಡಿದಿರಲಿಲ್ಲ.

ಸರ್ಕಾರಗಳ ಗಮನ ಮೆಲ್ಲಗೆ ಇತ್ತ ಹೊರಳಿದೆ. ಬ್ರಿಟನ್ 2018ರಲ್ಲಿ, ಜಪಾನ್ 2021ರಲ್ಲಿ ಒಂಟಿತನದ ಹೊಣೆಯನ್ನು ಸಚಿವರಿಗೆ ವಹಿಸಿದವು. ಜಗತ್ತಿನಲ್ಲಿ ಆರು ಜನರಲ್ಲಿ ಒಬ್ಬರನ್ನು ಒಂಟಿತನ ಕಾಡುತ್ತಿದೆ, ಅದರೊಂದಿಗೆ ನಂಟಿರುವ ಸಾವುಗಳು ವರ್ಷಕ್ಕೆ 8.71 ಲಕ್ಷ ಎಂದು ವಿಶ್ವ ಆರೋಗ್ಯ ಸಂಸ್ಥೆ 2025ರ ಜೂನ್‌ನಲ್ಲಿ ವರದಿ ಮಾಡಿತು.

ಇತ್ತ ಕರೆ ಮಾಡುತ್ತಿದ್ದ ಕೈಗಳು ಕಡಿಮೆಯಾದವು. ಕಾಲೇಜುಗಳೂ ಕಚೇರಿಗಳೂ ತೆರೆದವು, ತುರ್ತಿಗೆಂದು ಬಂದ ಅನುದಾನ ಮುಗಿಯಿತು. ಫೋನ್ ಬಾರದ ಆ ಮೊದಲ ಸಂಜೆ ಇನ್ನೊಂದು ತುದಿಯಲ್ಲಿದ್ದವರಿಗೆ ಹೇಗಿದ್ದೀತು ಎಂದು ಯೋಚಿಸಿದಾಗಲೆಲ್ಲ ನನಗೆ ಸಂಕಟವಾಗುತ್ತದೆ. ನುರಿತ ಸಂಸ್ಥೆಗಳು ಇದನ್ನು ಮೊದಲೇ ಬಲ್ಲವು. ಸ್ವಯಂಸೇವಕರೊಬ್ಬರು ಬಿಡುವುದಾದರೆ ಕೆಲವು ವಾರ ಮುಂಚಿತವಾಗಿ ತಿಳಿಸುತ್ತಾರೆ. ಕೊನೆಯ ಕರೆಯಲ್ಲಿ ಹೊಸಬರನ್ನೂ ಸೇರಿಸಿಕೊಂಡು ಮೂವರೂ ಮಾತನಾಡುತ್ತಾರೆ. ಹೊಸ ದನಿ ಯಾವ ದಿನ, ಎಷ್ಟು ಗಂಟೆಗೆ ಕರೆ ಮಾಡುತ್ತದೆ ಎಂಬುದನ್ನು ಗೊತ್ತುಮಾಡಿಕೊಂಡೇ ಹಳಬರು ಫೋನ್ ಇಡುತ್ತಾರೆ.