ಟೆರಾಹರ್ಟ್ಸ್‌ನಲ್ಲಿ ಸೂಪರ್‌ಕಂಡಕ್ಟರ್ ಫಿಲ್ಮ್: ಫೇಸ್ ಕೈಕೊಡುವ ಜಾಗ

ಸೂಪರ್‌ಕಂಡಕ್ಟರ್‌ನಲ್ಲಿ ರೆಸಿಸ್ಟೆನ್ಸ್ ಇರುವುದಿಲ್ಲ ಅಂತ ಎಲ್ಲರೂ ಓದಿರುತ್ತೇವೆ. ಡಿಸಿ ಕರೆಂಟಿಗೆ ಅದು ಸರಿ. ಟೆರಾಹರ್ಟ್ಸ್‌ಗೆ (ಸೆಕೆಂಡಿಗೆ ಲಕ್ಷ ಕೋಟಿ ಕಂಪನ) ಹೋದರೆ ಹಾಗಲ್ಲ. ಎಲೆಕ್ಟ್ರಾನ್ ಜೋಡಿ ಒಡೆಯಲು ಬೇಕಾದಷ್ಟು ಶಕ್ತಿ ಫೋಟಾನಿಗೆ ಸಿಕ್ಕಿದ ಕೂಡಲೇ ನಷ್ಟ ಶುರುವಾಗುತ್ತದೆ. ಆ ಗಡಿಯೇ ಗ್ಯಾಪ್. ನಿಯೋಬಿಯಂಗೆ ಅದು ಸುಮಾರು 0.7 ಟೆರಾಹರ್ಟ್ಸ್, ನಿಯೋಬಿಯಂ ನೈಟ್ರೈಡ್‌ನ ಒಳ್ಳೆಯ ಫಿಲ್ಮ್‌ಗೆ (ತೆಳು ಪದರಕ್ಕೆ) 1.2ರ ಆಸುಪಾಸು. ಚಿಲಿಯ ಆಲ್ಮಾ ಟೆಲಿಸ್ಕೋಪಿನ 787–950 ಗಿಗಾಹರ್ಟ್ಸ್ ರಿಸೀವರಿಗೆ ಬರೀ ನಿಯೋಬಿಯಂ ಸಾಲದೆ ನಿಯೋಬಿಯಂ ಟೈಟಾನಿಯಂ ನೈಟ್ರೈಡ್ ಬಳಸಿದ್ದೂ ಇದಕ್ಕೇ.

ಗ್ಲೋವರ್ ಮತ್ತು ಟಿಂಕಮ್ 1956ರಲ್ಲೇ ಸೀಸ, ತವರದ ಫಿಲ್ಮ್‌ಗಳ ಮೂಲಕ ಈ ಅಲೆಗಳನ್ನು ಹಾಯಿಸಿ ನೋಡಿದ್ದರು. ಸೂಪರ್‌ಕಂಡಕ್ಟರನ್ನು ಎಲೆಕ್ಟ್ರಾನ್ ಜೋಡಿಗಳಿಂದ ವಿವರಿಸುವ ಬಿಸಿಎಸ್ ಸಿದ್ಧಾಂತ ಬಂದದ್ದು 1957ರಲ್ಲಿ! ಅವರಿಗೆ ಸಿಕ್ಕಿದ್ದು ಹಾದುಹೋದ ತೀವ್ರತೆ ಮಾತ್ರ, ಫೇಸ್ (ಅಲೆ ಎಷ್ಟು ಹಿಂದೆ ಮುಂದೆ ಸರಿದಿದೆ ಅನ್ನುವುದು) ಅಲ್ಲ. ಇವತ್ತಿನ ಟೈಮ್-ಡೊಮೇನ್ ವಿಧಾನ ಫೆಮ್ಟೋಸೆಕೆಂಡ್ ಲೇಸರಿನಿಂದ ಟೆರಾಹರ್ಟ್ಸ್ ಪಲ್ಸ್ ಹುಟ್ಟಿಸಿ, ಅದರ ವಿದ್ಯುತ್ ಕ್ಷೇತ್ರವನ್ನೇ ಕಾಲದ ಜೊತೆ ಅಳೆಯುತ್ತದೆ. ಹಾಗಾಗಿ ಫೇಸ್ ನೇರವಾಗಿ ಸಿಗುತ್ತದೆ. ಫಿಲ್ಮ್‌ನ ವಾಹಕತೆಯ (ಸಿಗ್ಮಾ) ಎರಡು ಭಾಗಗಳಾದ ಸಿಗ್ಮಾ1 (ನಷ್ಟ), ಸಿಗ್ಮಾ2 (ಜೋಡಿಗಳ ಪ್ರತಿಕ್ರಿಯೆ) ಎರಡನ್ನೂ ಒಂದೇ ಅಳತೆಯಿಂದ ತೆಗೆಯಬಹುದು.

ಫಿಲ್ಮ್ ದಾಟಿ ಎಷ್ಟು ಕ್ಷೇತ್ರ ಉಳಿಯುತ್ತದೆ ಅಂತ ಹೇಳುವ ಸೂತ್ರ ಸುಲಭ. ಸಬ್‌ಸ್ಟ್ರೇಟಿನ (ಫಿಲ್ಮ್ ಕೂತಿರುವ ತಳದ) ವಕ್ರೀಭವನ ಸೂಚ್ಯಂಕಕ್ಕೆ 1 ಕೂಡಿಸಿ. ಇದು ಮೇಲಿನ ಸಂಖ್ಯೆ. ಅದಕ್ಕೇ 377 ಓಮ್ (ನಿರ್ವಾತದ ಇಂಪೀಡೆನ್ಸ್) × ಸಿಗ್ಮಾ × ಫಿಲ್ಮ್ ದಪ್ಪ ಸೇರಿಸಿದರೆ ಕೆಳಗಿನ ಸಂಖ್ಯೆ. ಮೆಗ್ನೀಷಿಯಂ ಆಕ್ಸೈಡ್ ಮೇಲೆ (ಸೂಚ್ಯಂಕ ಸುಮಾರು 3.1) ಪ್ರತಿ ಚದರಕ್ಕೆ 50 ಓಮ್ ಇರುವ ಫಿಲ್ಮ್ ಅಂದುಕೊಳ್ಳಿ. ಆಗ ಸಿಗ್ಮಾ × ದಪ್ಪ ಅಂದರೆ 1/50, ಹಾಗಾಗಿ 377/50 ಅಂದರೆ 7.5. ಈಗ 4.1 ಅನ್ನು 11.6ರಿಂದ ಭಾಗಿಸಿ: ಬರೀ ಸಬ್‌ಸ್ಟ್ರೇಟಿನಿಂದ ಬರುವ ಕ್ಷೇತ್ರದ 35% ಮಾತ್ರ ಉಳಿಯುತ್ತದೆ. ಇದು ನಾರ್ಮಲ್ ಸ್ಥಿತಿಯ (ಸೂಪರ್‌ಕಂಡಕ್ಟರ್ ಆಗುವ ಮೊದಲಿನ) ಲೆಕ್ಕ. ತಂಪಾದಾಗ ಸಿಗ್ಮಾ ಸಂಕೀರ್ಣ ಸಂಖ್ಯೆಯಾಗುತ್ತದೆ, ಅಷ್ಟೇ ವ್ಯತ್ಯಾಸ.

ಕಷ್ಟ ಇರುವುದು ಫೇಸ್‌ನಲ್ಲಿ. ಫಿಲ್ಮ್ ಇಲ್ಲದ ಬರೀ ಸಬ್‌ಸ್ಟ್ರೇಟನ್ನು ರೆಫರೆನ್ಸ್ ಆಗಿ ಇಟ್ಟುಕೊಂಡಿದ್ದೀರಿ, ಅದರ ದಪ್ಪ 5 ಮೈಕ್ರಾನ್ ಹೆಚ್ಚುಕಮ್ಮಿ ಇದೆ ಅನ್ನಿ. ಅದನ್ನು 2.1ರಿಂದ (ಸೂಚ್ಯಂಕದಲ್ಲಿ 1 ಕಳೆದು) ಗುಣಿಸಿದರೆ ದಾರಿಯಲ್ಲಿ 10.5 ಮೈಕ್ರಾನ್ ವ್ಯತ್ಯಾಸ. 1 ಟೆರಾಹರ್ಟ್ಸ್ ಅಲೆಯ ಉದ್ದ 300 ಮೈಕ್ರಾನ್, ಅಂದರೆ ಸುಮಾರು 13 ಡಿಗ್ರಿ ತಪ್ಪು. ಬರೀ 20 ನ್ಯಾನೋಮೀಟರ್ ಫಿಲ್ಮ್ ಬಗ್ಗೆ ಹೇಳಹೊರಟವರಿಗೆ ಇದು ಜಾಸ್ತಿನೇ ಅಲ್ವಾ?

ನನ್ನ ಪ್ರಕಾರ ಎಲ್ಲಕ್ಕಿಂತ ಒಳ್ಳೆಯ ಉಪಾಯ, ಅದೇ ಫಿಲ್ಮ್ ಅನ್ನೇ ಕ್ರಿಟಿಕಲ್ ತಾಪಮಾನಕ್ಕಿಂತ (ಫಿಲ್ಮ್ ಸೂಪರ್‌ಕಂಡಕ್ಟರ್ ಆಗುವ ತಾಪಮಾನ) ಸ್ವಲ್ಪ ಮೇಲೆ ಅಳೆದು ರೆಫರೆನ್ಸ್ ಮಾಡಿಕೊಳ್ಳುವುದು. ಸಬ್‌ಸ್ಟ್ರೇಟ್ ಒಂದೇ ಆದ್ದರಿಂದ ದಪ್ಪದ ತಪ್ಪು ತಾನಾಗಿ ವಜಾ ಆಗುತ್ತದೆ. ನಾರ್ಮಲ್ ಸಿಗ್ಮಾ ಬೇಕಾಗುತ್ತದೆ, ಅದನ್ನು ನಾಲ್ಕು ಪ್ರೋಬ್ ಇಟ್ಟು ಡಿಸಿಯಲ್ಲಿ ಅಳೆದರೆ ಸಾಕು. ನಿಯೋಬಿಯಂ ನೈಟ್ರೈಡ್‌ನಲ್ಲಿ ಎಲೆಕ್ಟ್ರಾನ್‌ಗಳು ಎಷ್ಟು ಬೇಗ ಬೇಗ ಚದುರುತ್ತವೆಂದರೆ, ಈ ಆವರ್ತನಗಳಲ್ಲೂ ಅದೇ ಬೆಲೆ ನಡೆಯುತ್ತದೆ.

ತಂಪಾದ ಫಿಲ್ಮ್‌ನ ಕ್ಷೇತ್ರವನ್ನು ಈ ರೆಫರೆನ್ಸ್‌ನಿಂದ ಭಾಗಿಸಿದ ಅನುಪಾತದ ಗ್ರಾಫ್‌ನಲ್ಲಿ ಗ್ಯಾಪ್ ಹತ್ತಿರ ಒಂದು ಉಬ್ಬು ಕಾಣಬೇಕು. ಅದಕ್ಕಿಂತ ಕೆಳಗೆ ಸಿಗ್ಮಾ2 ಅಲೆಯನ್ನು ತಡೆಯುತ್ತದೆ, ಮೇಲೆ ಸಿಗ್ಮಾ1 ಮತ್ತೆ ಏರುತ್ತದೆ. ಆದರೆ ಅರ್ಧ ಮಿಲಿಮೀಟರ್ ಸಬ್‌ಸ್ಟ್ರೇಟಿನ ಒಳಗೆ ಹೋಗಿಬಂದ ಪ್ರತಿಧ್ವನಿ ಸುಮಾರು 10 ಪಿಕೋಸೆಕೆಂಡಿಗೆ ಬರುತ್ತದೆ. ಅದಕ್ಕೂ ಮೊದಲೇ ಸಿಗ್ನಲ್ ಕತ್ತರಿಸಿದರೆ ರೆಸಲ್ಯೂಷನ್ 0.1 ಟೆರಾಹರ್ಟ್ಸ್‌ಗೆ ನಿಲ್ಲುತ್ತದೆ. ಉಬ್ಬಿನ ತುದಿಯನ್ನು ಅದಕ್ಕಿಂತ ನಿಖರವಾಗಿ ಓದಬೇಕಾದರೆ ದಪ್ಪ ಸಬ್‌ಸ್ಟ್ರೇಟ್ ಹಾಕಿ.